ಅಪ್ಪನನ್ನು ನೋಡಿ ಮರಿ ತರುವುದು

ನನ್ನ ಎಂಬತ್ತೊಂದರ ಡೈರಿಯಲ್ಲಿ ಆ ದಿನಕ್ಕೆ ಇರುವುದು ಇಷ್ಟೇ: ‘ಜಗಳೂರಿನವರು ಬಂದಿದ್ದರು. ಒಪ್ಪಿದರು. ವಿಪರೀತ ಬಿಸಿಲು.’ ಉಳಿದದ್ದನ್ನು ನೆನಪಿನಿಂದ ಬರೆಯುತ್ತಿದ್ದೇನೆ. ನನ್ನ ನೆನಪು ಸದಾ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ ಎಂಬುದು ಗೊತ್ತಿದ್ದೂ.

ಆಗ ನಾನು ಚನ್ನಗಿರಿಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತಿದ್ದೆ. ಮನೆ ನ್ಯಾಮತಿ ಹತ್ತಿರದ ಹಳ್ಳಿಯಲ್ಲಿ. ಅಪ್ಪ ಕಾಳಗದ ಟಗರು ಸಾಕುತ್ತಿದ್ದವರು; ಹೊನ್ನಾಳಿಯ ಕಣದಲ್ಲಿ ಅವರ ಟಗರಿಗೆ ಹೆಸರಿತ್ತು. ಮರಿ ಕೊಳ್ಳುವ ಮುಂಚೆ ಅದರ ತಂದೆಯನ್ನು ನೋಡಲು ಎಷ್ಟು ದೂರವಾದರೂ ಹೋಗುತ್ತಿದ್ದರು. ತಂದ ಮೇಲೆ ಹಿಂಡಿನಿಂದ ಬೇರೆ ಕಟ್ಟಿ, ಬೇಯಿಸಿದ ಹುರುಳಿ ತಿನ್ನಿಸಿ, ತಮ್ಮನ್ನು ಬಿಟ್ಟು ಇನ್ನೊಬ್ಬರು ಮೈಮುಟ್ಟದಂತೆ ಬೆಳೆಸುತ್ತಿದ್ದರು. ಕಣದಲ್ಲಿ ಹಿಂದೆ ಸರಿದರೆ ಮನೆಗೆ ತಂದು ಹಗ್ಗದಲ್ಲಿ ಬಾರಿಸುತ್ತಿದ್ದರು. ಗೆದ್ದರೆ ಮಾತ್ರ ‘ರಕ್ತದಾಗೆ ಐತೆ’ ಎನ್ನುತ್ತಿದ್ದರು. ಅದೇ ಹಗ್ಗ ಅವ್ವನ ಬೆನ್ನಿಗೂ ಬೀಳುತ್ತಿತ್ತು.

ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗ ಇದಕ್ಕೊಂದು ವಿವರಣೆ ಸಿಕ್ಕಂತಾಯಿತು. ಹಾಯುವ ಟಗರಿಗೆ ಹೆಚ್ಚು ಕುರಿಗಳು, ಹೆಚ್ಚು ಮರಿಗಳು. ಹಾಗಾಗಿ ಹಾಯುವ ಗುಣ ಪೀಳಿಗೆಯಿಂದ ಪೀಳಿಗೆಗೆ ಉಳಿದುಬರುತ್ತದೆ. ವಂಶವಾಹಿ ಕೊಡುವುದು ಬರೀ ಒಲವು, ಅದು ನಡತೆಯಾಗುವುದೋ ಇಲ್ಲವೋ ಸಾಕಣೆಯ ಮೇಲಿದೆ ಎಂದೂ ಮೇಷ್ಟ್ರು ಹೇಳಿದ್ದರು. ಅದನ್ನೂ ಬರೆದುಕೊಂಡಿದ್ದೆ. ಹಿತವಾದದ್ದು ಮಾತ್ರ ಮೊದಲನೆಯ ಮಾತು. ಅಪ್ಪನನ್ನು ದ್ವೇಷಿಸುವ ಕಷ್ಟ ಅದರಿಂದ ತಪ್ಪಿತು.

ಎಪ್ಪತ್ತೊಂಬತ್ತರ ದಸರೆ ರಜೆಗೆ ಮನೆಗೆ ಬಂದಿದ್ದೆ. ಅಪ್ಪನಿಗೆ ಲಕ್ವ ಹೊಡೆದು ವರ್ಷವಾಗಿತ್ತು, ಟಗರು ತಮ್ಮನ ಪಾಲಿಗೆ ಬಂದಿತ್ತು. ಹುರುಳಿ ಸೀದುಹೋಯಿತೆಂದು ತಮ್ಮ ಅವ್ವನಿಗೆ ಹೊಡೆದ. ಅವಳ ತುಟಿ ಒಡೆಯಿತು. ಆಮೇಲೆ ಹಿತ್ತಲಲ್ಲಿ ಕೂತು ಅವನೇ ಅಳುತ್ತಿದ್ದ. ನಾನು ಹೋಗಿ, “ಇದು ನಿಂದಲ್ಲ ಕಣೋ, ಅಪ್ಪಂದು. ಹುಟ್ಟಿನಿಂದ ಬಂದದ್ದು” ಎಂದೆ. ಅವನ ಕೈಯಲ್ಲಿ ಕಾಫಿ ಲೋಟವಿತ್ತೆಂದು ನನ್ನ ನೆನಪು. ಆಗ ನಮ್ಮ ಮನೆಯಲ್ಲಿ ಚಹಾ ಬಿಟ್ಟು ಬೇರೆ ಕಾಸುತ್ತಲೇ ಇರಲಿಲ್ಲ ಎನ್ನುತ್ತಾಳೆ ಅವ್ವ. ಲೋಟದ ವಿಷಯದಲ್ಲಿ ತಪ್ಪಿರಬಹುದು. ಮಾತಿನ ವಿಷಯದಲ್ಲಿ ತಪ್ಪಿಲ್ಲ, ಏಕೆಂದರೆ ಅದನ್ನು ಅವನು ಮರೆಯಲಿಲ್ಲ.

ಎರಡು ವರ್ಷದ ಮೇಲೆ ತಮ್ಮನಿಗೆ ನೋಡಿದ್ದ ಜಗಳೂರಿನ ಕಡೆಯ ಹೆಣ್ಣಿನ ತಂದೆ ಮನೆ ನೋಡಲು ಬಂದರು. ಕುರಿ ಸಾಕಿ ಬದುಕಿದವರು. ಹೊಲ, ಬಾವಿ ಏನನ್ನೂ ಕೇಳದೆ ನೇರ ಅಪ್ಪನ ಎದುರು ಹೋಗಿ ಕೂತರು. ಅಪ್ಪ ಬಾಯಿಯ ಒಂದೇ ಬದಿಯಿಂದ ನಕ್ಕು, ನಡುಗುವ ಕೈಯಲ್ಲಿ ಎಲೆಅಡಿಕೆ ತಟ್ಟೆಯನ್ನು ಅವರತ್ತ ಸರಿಸಿದರು. ಲಕ್ವ ಪಳಗಿಸಿದ ಮನುಷ್ಯನನ್ನು ಅವರು ಹುಟ್ಟು ಸಾಧುವೆಂದು ತಿಳಿದರು.

“ಅಪ್ಪನ್ನ ನೋಡಿ ಮರಿ ತರೋರು ನಾವು” ಎಂದು ಅವರು ಖುಷಿಯಿಂದ ಹೇಳಿದಾಗ, ಗಂಡು ನೋಡಾಕೆ ಬಂದೀರೋ ಸಂತೆಗೆ ಬಂದೀರೋ ಎಂದು ನಮ್ಮ ಸೋದರಮಾವ ರೇಗಿಸಿದರು.

“ಸಂತೆಯಾಗಾದ್ರೆ ಹಲ್ಲು ಎಣಿಸಾಕೆ ಬಿಡ್ತಾರ‍್ರಿ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಹೊರಡುವಾಗ ಅವರು ನನ್ನನ್ನು ಬೇವಿನ ಮರದ ಹತ್ತಿರ ಕರೆದರು.

“ತಾಯಿ, ನೀವು ಓದಿದೋರು. ಬೀಗರು ಮೊದ್ಲು ಹಿಂಗಿರ್ಲಿಲ್ಲ ಅಂತ ಬಸ್ಸಿನಾಗೆ ಯಾರೋ ಅಂದ್ರು. ಅಪ್ಪನ ಸಿಟ್ಟು ಮಗನಿಗೆ ಬರ್ತೈತೇನ್ರಿ?”

“ಹಂಗೇನಿಲ್ರಿ. ಮನುಷ್ಯರು ಟಗರಲ್ಲ.”

ಮೇಷ್ಟ್ರ ಎರಡನೆಯ ಮಾತನ್ನು ಅಂದು ಹೊರತೆಗೆದೆ. ಪರೀಕ್ಷೆಯಲ್ಲಿ ಬರೆದಿದ್ದರೆ ಅಂಕ ಸಿಗುವಂಥ ಉತ್ತರ. ಹಿತ್ತಲಲ್ಲಿ ತಮ್ಮನಿಗೊಂದು, ಬೇವಿನಡಿ ಬೀಗರಿಗೊಂದು. ಅವ್ವನ ತುಟಿಯ ನೆತ್ತರು ಒರೆಸಿದವಳು ನಾನು. ಅದನ್ನು ಹೇಳಲು ಯಾವ ಶಾಸ್ತ್ರವೂ ಬೇಕಿರಲಿಲ್ಲ. ಹೆಣ್ಣು ಬಂದರೆ ತಮ್ಮ ಸರಿಹೋಗಬಹುದು ಎಂದುಕೊಂಡಿದ್ದೆನೆ? ಅಥವಾ ಅವ್ವನ ಬದಲಿಗೆ ಇನ್ನೊಂದು ಮೈ ಸಿಗಲಿ ಎಂದು? ಈ ಎರಡನೆಯದನ್ನು ಇವತ್ತಿನವರೆಗೆ ಎಲ್ಲೂ ಬರೆದಿರಲಿಲ್ಲ.

ಮದುವೆಯಾದ ಮೂರನೆಯ ವರ್ಷ ತಮ್ಮನ ಏಟಿಗೆ ಅವನ ಹೆಂಡತಿಯ ಎಡಗಿವಿಯ ತಮಟೆ ಹರಿಯಿತು. ಆ ಕಿವಿ ಇನ್ನು ಕೇಳುವುದಿಲ್ಲ ಎಂದರು ದಾವಣಗೆರೆಯ ಡಾಕ್ಟರು. ಅವಳು ತವರಿಗೆ ಹೋದಳು. ನಾನು ತಮ್ಮನನ್ನು ಬಾಯಿಗೆ ಬಂದಂತೆ ಬೈದೆ. ಅವನು ತಲೆ ತಗ್ಗಿಸಿಯೇ ಹೇಳಿದ:

“ನೀನೇ ಅಂದಿದ್ಯಲ್ಲಕ್ಕ, ಇದು ನಂದಲ್ಲ, ಅಪ್ಪಂದು ಅಂತ. ನಾನೇನು ಮಾಡ್ಲಿ?”

ಅದರಲ್ಲಿ ಕುಹಕವಿರಲಿಲ್ಲ. ನಂಬಿದ್ದ.

ತಿಂಗಳು ಕಳೆದು, ಅವಳನ್ನು ಕರೆತರಲು ಮನೆಯವರು ಕಳಿಸಿದ್ದು ನನ್ನನ್ನೇ. ಅವಳ ಬೆನ್ನಿಗೆ ಮದುವೆಯಾಗಬೇಕಾದ ತಂಗಿಯರಿಬ್ಬರು ಇದ್ದುದರಿಂದ ಆ ಕಡೆಯವರೂ ಬೇಡವೆನ್ನಲಿಲ್ಲ. ಅವಳು ಒಳಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದಾಗ ಅವಳಪ್ಪ ಕುರಿಹಟ್ಟಿಯ ಬೇಲಿ ಸರಿಮಾಡುತ್ತಾ ನಿಂತಿದ್ದರು.

“ನಾನು ಕೇಳಿದ್ದೇ ತಪ್ಪು ತಾಯಿ. ರಕ್ತದ ಮಾತು ಯಾಕೆ ಬೇಕಿತ್ತು? ನಿಮ್ಮ ತಮ್ಮ ಹೊಡೀತಾನೇನ್ರಿ ಅಂತ ಕೇಳಬೇಕಿತ್ತು.” ಮುಳ್ಳು ಬಿಗಿದು ಮುಗಿಸಿ ನನ್ನತ್ತ ತಿರುಗಿದರು. “ಕೇಳಿದ್ರೆ ಹೇಳ್ತಿದ್ರಾ?”

ನಾನು ಕುರಿಗಳನ್ನು ನೋಡುತ್ತ ನಿಂತೆ.

ಬಸ್ಸಿನಲ್ಲಿ ಅವಳು ಕಿಟಕಿಗೆ ಕೂತಳು. ದಾವಣಗೆರೆ ದಾಟಿದ ಮೇಲೆ ಎಲ್ಲವನ್ನೂ ಹೇಳಿದೆ: ಹಿತ್ತಲು, ಅವ್ವನ ತುಟಿ, ಬೇವಿನ ಮರ. ಅವಳು ಹೊರಗೆ ನೋಡುತ್ತಲೇ ಇದ್ದಳು. ಆ ಮೌನವನ್ನು ನನಗೆ ಬೇಕಾದಂತೆ ಅರ್ಥ ಮಾಡಿಕೊಂಡು ಹಗುರಾದೆ. ಹೊನ್ನಾಳಿಯಲ್ಲಿ ಬಸ್ಸು ಬದಲಿಸಲು ಇಳಿದಾಗ ಕೇಳಿದಳು: “ಏನೋ ಅಂದಂಗಿತ್ತಲ್ಲ ಅಕ್ಕಾ, ಏನ್ರಿ?”

ನಾನು ಕೂತದ್ದು ಅವಳ ಎಡಕ್ಕೆ.

“ಏನಿಲ್ಲ” ಎಂದೆ. ಗೊತ್ತಿದ್ದೇ ಆ ಕಡೆ ಕೂತಿದ್ದೆನೋ ಏನೋ, ಆ ದಿನದ ಪುಟ ಖಾಲಿ ಇದೆ.

ನ್ಯಾಮತಿ ಬಸ್ಸಿಗೆ ಅವಳೇ ಮೊದಲು ಹತ್ತಿ, ತನ್ನ ಬಲಕ್ಕೆ ಜಾಗ ಬಿಟ್ಟು ಕೂತಿದ್ದಳು. ನಾನು ಅಲ್ಲೇ ಕೂತೆ. ಊರು ಬರುವವರೆಗೂ ಬಾಯಿ ಬಿಡಲಿಲ್ಲ.