ಗೆರೆಯ ಮೇಲಿನ ಉಬ್ಬು



ನಮ್ಮ ಪ್ರಯೋಗಾಲಯದ ಹಿರಿಯ ತಂತ್ರಜ್ಞೆಯನ್ನು ನಿರ್ದೇಶಕರೂ ‘ಅಕ್ಕ’ ಎಂದೇ ಕರೆಯುತ್ತಾರೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ನಡೆಸುವುದರಲ್ಲಿ ಇಪ್ಪತ್ತೆರಡು ವರ್ಷ ಪಳಗಿದ ಕೈ. ಪ್ಲಾಸ್ಟಿಕ್ಕನ್ನು ಇದೆಯೋ ಇಲ್ಲವೋ ಅನ್ನುವಷ್ಟು ತೆಳುವಾಗಿ ಕೊಯ್ದು, ನೀರಿನ ಮೇಲೆ ತೇಲಿಸಿ, ತಾಮ್ರದ ಜಾಲರಿಯ ಮೇಲೆ ಎತ್ತಿಕೊಳ್ಳುವಾಗ ಅವಳ ಪಕ್ಕ ಯಾರೂ ಸೀನುವಂತಿಲ್ಲ. ನಾನೊಮ್ಮೆ ಸೀನಿ ಒಂದು ವಾರ ಬೈಸಿಕೊಂಡಿದ್ದೇನೆ.

ಆ ಚೂರಿನ ಮೂಲಕ ಎಲೆಕ್ಟ್ರಾನ್ ಕಿರಣ ಹಾಯಿಸಿದರೆ, ಅದು ಎಷ್ಟು ಶಕ್ತಿ ಕಳೆದುಕೊಂಡಿತೆಂದು ಯಂತ್ರ ಒಂದು ಗೆರೆ ಎಳೆಯುತ್ತದೆ. ಒಂದೊಂದು ಪ್ಲಾಸ್ಟಿಕ್ಕಿಗೂ ಒಂದೊಂದು ಗೆರೆ. ಅಳೆಯುವ ಜಾಗದ ಮೇಲೆಯೇ ಫೋಕಸ್ ಮಾಡಬೇಕು, ಚಿತ್ರ ಕೂದಲೆಳೆಯಷ್ಟೂ ಮಸುಕಾಗಬಾರದು ಎಂಬುದು ಅಕ್ಕನ ಕಟ್ಟುನಿಟ್ಟು. ಹೀಗೆ ಅವಳು ತೆಗೆದ ಗೆರೆಯೊಂದಕ್ಕೆ ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿದ್ದರು. ಅದರಲ್ಲೊಂದು ಪುಟ್ಟ ಉಬ್ಬು. ಅದೇ ಪ್ಲಾಸ್ಟಿಕ್ಕಿನಿಂದ ಆ ಉಬ್ಬಿಲ್ಲದ ಗೆರೆ ತಂದವರಿಗೆ ಮಂಗಳಾರತಿ ಗ್ಯಾರಂಟಿ.

ಒಂಬತ್ತು ವರ್ಷದ ಹಿಂದೆ ಅಂಥ ಗೆರೆ ತಂದವಳು ಅದೇ ಕೋಣೆಯಲ್ಲಿ ಕೆಲಸ ಕಲಿಯುತ್ತಿದ್ದ ಅಕ್ಕನ ಸ್ವಂತ ತಂಗಿ. ಅವಳು ಪಕ್ಕದಲ್ಲೆಲ್ಲೋ ಫೋಕಸ್ ಮಾಡಿ, ಕಿರಣ ಇನ್ನೂ ತಾಗದ ಜಾಗಕ್ಕೆ ಸರಿಸಿ, ಚಕ್ಕನೆ ಅಳೆದುಬಿಡುತ್ತಿದ್ದಳು. ಇದು ಸೋಮಾರಿಗಳ ಕೆಲಸ ಎಂದು ಅಕ್ಕ ನಿರ್ದೇಶಕರ ಎದುರೇ ಹೇಳಿದಳು. ತಂಗಿ ಆ ವಾರವೇ ಕೆಲಸ ಬಿಟ್ಟಳು. ಆಮೇಲೆ ಇಬ್ಬರಿಗೂ ಮಾತಿಲ್ಲ ಕತೆಯಿಲ್ಲ.

ಹೋದ ವರ್ಷ, ಎಕ್ಸ್-ರೇ ಹಾಯಿಸಿ ಅಂಥದ್ದೇ ಗೆರೆ ಎಳೆಯುವ ಹೊಸ ಯಂತ್ರ ನನ್ನ ಕೈಗೆ ಬಂತು. ಎರಡೂ ಯಂತ್ರಗಳ ಗೆರೆ ಹೋಲಿಸಿ ನೋಡಿ ಎಂದರು ನಿರ್ದೇಶಕರು. ಗೋಡೆಯ ಮೇಲಿನ ಗೆರೆಯದೇ ಪ್ಲಾಸ್ಟಿಕ್, ಅಕ್ಕನೇ ಕೊಯ್ದ ಚೂರು. ನನ್ನ ಗೆರೆಯಲ್ಲಿ ಉಬ್ಬೇ ಇಲ್ಲ. ಮೂರು ಸಲ ಅಳೆದೆ, ಇಲ್ಲವೆಂದರೆ ಇಲ್ಲ. ಎಲೆಕ್ಟ್ರಾನ್ ಕಿರಣದ ಹಾಗೆ ಎಕ್ಸ್-ರೇ ಕೂಡ ಪ್ಲಾಸ್ಟಿಕ್ಕನ್ನು ಸುಟ್ಟು ಕೆಡಿಸುತ್ತದೆ, ನಿಧಾನವಾಗಿ ಅಷ್ಟೆ. ಬೇಕೆಂದೇ ಒಂದೇ ಜಾಗಕ್ಕೆ ಗಂಟೆಗಟ್ಟಲೆ ಬಿಟ್ಟೆ. ಆಗ ಅದೇ ಉಬ್ಬು ಮೆಲ್ಲಗೆ ಎದ್ದು ಬಂತು. ಅದು ಪ್ಲಾಸ್ಟಿಕ್ಕಿನ ಗುರುತಲ್ಲ, ಸುಟ್ಟ ಗಾಯ.

ಗೆರೆಗಳನ್ನು ಅಕ್ಕನ ಮೇಜಿನ ಮೇಲಿಟ್ಟೆ. ಅಕ್ಕ ನನ್ನನ್ನು ಬೈಯಲಿಲ್ಲ. ನನಗೆ ಹೆದರಿಕೆಯಾದದ್ದೇ ಆಗ. ಹೊಸ ಚೂರು ಕೊಯ್ದು ಯಂತ್ರದ ಮುಂದೆ ಕೂತಳು. ತಂಗಿಯ ಹಾಗೆಯೇ ಪಕ್ಕದಲ್ಲಿ ಫೋಕಸ್ ಮಾಡಿ, ಸರಿಸಿ, ಅಳೆದಳು. ಉಬ್ಬು ಇರಬೇಕಾದ ಜಾಗದಲ್ಲಿ ಗೆರೆ ನುಣ್ಣಗಿತ್ತು.

“ನಾನೇ ಸುಡ್ತಾ ಇದ್ದೆ,” ಅಂದಳು. “ಚೆನ್ನಾಗಿ ಕಾಣ್ಲಿ ಅಂತ ಅದೇ ಜಾಗಕ್ಕೆ ಕಿರಣ ಬಿಟ್ಕೊಂಡು, ನೋಡ್ತಾ ನೋಡ್ತಾನೇ ಸುಟ್ಟಿದ್ದೀನಿ.”

ಫೋನನ್ನು ಮೇಜಿನ ಮೇಲಿಟ್ಟು, ಸ್ಪೀಕರ್ ಹಾಕಿ, ತಂಗಿಗೆ ಕರೆ ಮಾಡಿದಳು. ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಒಂಬತ್ತು ವರ್ಷದ ಸಿಟ್ಟು ಈಗ ಒಮ್ಮೆಗೇ ಬರುತ್ತದೆಂದು ನಾನು ಕಾದೆ.

“ನಾನೇ ತಪ್ಪು ಅಂತ ನಂಬ್ಕೊಂಡ್ಬಿಟ್ಟಿದ್ದೆ ಕಣಕ್ಕಾ,” ಅಂದಳು ತಂಗಿ. “ನೀನು ಹೇಳಿದ್ಮೇಲೆ ಇನ್ನೇನು ಅಂತ.”

ಬೈಸಿಕೊಳ್ಳಲು ಸಿದ್ಧಳಾಗಿ ಕೂತಿದ್ದ ಅಕ್ಕ ಎದ್ದು ಹೋಗಿ, ಗೋಡೆಯ ಮೇಲಿನ ಚೌಕಟ್ಟನ್ನು ಕೆಳಗಿಳಿಸಿದಳು.