ಟೆನಿಸ್ ಆಡದವರ ಟೆನಿಸ್ ಎಲ್ಬೋ

ಸೋಮವಾರ ಬೆಳಿಗ್ಗೆ ಕಾಫಿ ಲೋಟ ಎತ್ತಿದೆ. ಬಲ ಮೊಣಕೈಯ ಹೊರಮಗ್ಗುಲಲ್ಲಿ ಚಳಕ್ ಅಂದಿತು. ಎದುರಿಗೆ ಅಪ್ಪ ಎಂದಿನಂತೆ ಎಡಗೈಯಲ್ಲಿ ಲೋಟ ಹಿಡಿದು ಕೂತಿದ್ದರು. ನನ್ನ ಕಾಫಿಯೆಲ್ಲ ಅವರ ಪಂಚೆ ಮೇಲೆ! (ಆಗಷ್ಟೇ ಉಟ್ಟ ಮಡಿ ಪಂಚೆ.)

"ಬ್ಯಾಟು ಹಿಡ್ಕೊಂಡು ಕುಣೀತೀಯಲ್ಲ, ಅದರ ಫಲ ಕಣೋ!"

ಅಷ್ಟೇ. ನನ್ನ ಬಾಲ್ ಬ್ಯಾಡ್ಮಿಂಟನ್ ಬ್ಯಾಟು ಅಟ್ಟ ಸೇರಿತು, ಕೊಬ್ಬರಿಯಾಗಲು ಕಾದಿರುವ ತೆಂಗಿನಕಾಯಿಗಳ ಜೊತೆಗೆ. ಇನ್ನು ಆಟವೇ ಬಂದ್ ಅಂತೆ. ಹಳೇಬೀಡಿನವರ ಮೇಲೆ ನಮ್ಮ ಅರಸೀಕೆರೆ ಟೀಮಿನ ಮ್ಯಾಚು ಹತ್ತಿರ ಬಂದಿದೆ. ನಾನಿಲ್ಲದೆ ಮ್ಯಾಚೇ? (ಟೀಮಿನವರು ಹೀಗೆ ಕೇಳಲಿಲ್ಲ. ನಾನೇ ಕೇಳುತ್ತಿದ್ದೇನೆ.)

ಗುರುವಿಲ್ಲದೆ, ಗೋಡೆಗೆ ಚೆಂಡು ಹೊಡೆದು ಹೊಡೆದು ಕಲಿತ ಆಟ. ಬಿಡೋದುಂಟೇ? ಡಾಕ್ಟರ ಹತ್ತಿರ ಓಡಿದೆ. ಅಪ್ಪನೂ ಬಂದರು, ಆಟ ಬಿಡು ಅಂತ ಡಾಕ್ಟರ ಬಾಯಲ್ಲೇ ಹೇಳಿಸಲು.

ಡಾಕ್ಟರು ಮೊಣಕೈ ಒತ್ತಿದರು. ನಾನು ಕೂಗಿದೆ. "ಟೆನಿಸ್ ಎಲ್ಬೋ" ಅಂದರು.

"ನೋಡಿದ್ಯಾ? ಹೆಸರಲ್ಲೇ ಆಟ ಐತೆ!" ಅಪ್ಪನಿಗೆ ಗೆದ್ದ ಖುಷಿ.

"ಹೆಸರು ಹಾಗೆ ಅಷ್ಟೇ ಯಜಮಾನ್ರೇ. ಮಣಿಕಟ್ಟಿಗೆ ಒಂದೇ ಸಮ ಕೆಲಸ ಕೊಟ್ರೆ ಯಾರಿಗಾದ್ರೂ ಬರುತ್ತೆ. ಏನಪ್ಪಾ, ಭಾನುವಾರ ಏನ್ಮಾಡ್ದೆ?"

ಭಾನುವಾರ ಆಟವೇ ಇರಲಿಲ್ಲ! ಅಪ್ಪ ಹೇಳಿದರೆಂದು ಬೆಳಗಿನಿಂದ ಸಂಜೆವರೆಗೂ ಅಂಗಳದಲ್ಲಿ ಕೂತು, ಮಚ್ಚಿನಿಂದ ಕುಕ್ಕಿ ಕುಕ್ಕಿ, ಕರಟ ಬಿಡಿಸಿ ಕೊಬ್ಬರಿ ತೆಗೆದಿದ್ದೆ. ಹೇಳಿದೆ. ಅಪ್ಪ ಸೂರು ನೋಡತೊಡಗಿದರು.

"ಕೆಲಸ ಮುಗಿದ ಮೇಲೆ ಮಾತ್ರ ನೋವಾದ್ರೆ, ಕೆಲಸ ಕಮ್ಮಿ ಮಾಡಿದ್ರೆ ಸಾಕು" ಅಂದರು ಡಾಕ್ಟರು. "ಮಾಡ್ತಾ ಮಾಡ್ತಾನೇ ನೋವಾದ್ರೆ ಕೆಲವು ವಾರ ಆ ಕೆಲಸಾನೇ ಬಿಡಬೇಕು, ಮೊಣಕೈ ಕೆಳಗೆ ಪಟ್ಟಿ ಕಟ್ಟಬೇಕು. ನಿನ್ನ ಹಾಗೆ ಲೋಟವೂ ಎತ್ತಕ್ಕಾಗದಿದ್ರೆ ಕೈಗೆ ಪೂರಾ ರಜ. ಬಿಸಿನೀರಿನ ಶಾಖ ಕೊಡು. ಎಣ್ಣೆ ಹಚ್ಚಿ ಗಸಗಸ ತಿಕ್ಕಬೇಡ. ನೋವು ಇಳಿದ ಮೇಲೆ ಮೆಲ್ಲಗೆ ಕಸರತ್ತು."

"ಆಟ?"

"ಸದ್ಯಕ್ಕೆ ಕೊಬ್ಬರಿಯೂ ಬೇಡ, ಬ್ಯಾಟೂ ಬೇಡ. ವಾಸಿಯಾದ್ಮೇಲೆ ಧಾರಾಳವಾಗಿ ಆಡು."

ನಾನು ಎದ್ದೆ. ಅಪ್ಪ ಏಳಲಿಲ್ಲ. ಮೆಲ್ಲಗೆ ಅಂಗಿಯ ತೋಳು ಮಡಚಿ, ಬಲಗೈ ಚಾಚಿದರು.

"ಡಾಕ್ಟ್ರೇ, ಇದನ್ನೂ ಒಸಿ ನೋಡಿ. ಲೋಟ ಎತ್ತಕ್ಕಾಗದೆ ಬಾಳ ಕಾಲ ಆಯ್ತು."

ಅಯ್ಯೋ! ಆ ಎಡಗೈ ಕಾಫಿಯನ್ನು ನಾವೆಲ್ಲ ಅಭ್ಯಾಸ ಅಂದುಕೊಂಡಿದ್ದೆವಲ್ಲ?

ಈಗ ಸಂಜೆ ಇಬ್ಬರೂ ಅಕ್ಕಪಕ್ಕ ಕೂತು ಶಾಖ ಕೊಟ್ಟುಕೊಳ್ಳುತ್ತೇವೆ. ಬ್ಯಾಟು ಅಟ್ಟದಿಂದ ಇಳಿದು ಗೋಡೆಯ ಮೊಳೆಗೆ ಬಂದಿದೆ. ಹಳೇಬೀಡಿಗೆ ಹೋಗುತ್ತೇನೆ, ಸ್ಕೋರ್ ಕೂಗಲು. ಬೇಜಾರೇನಿಲ್ಲ.

ಒಂದೇ ಪ್ರಶ್ನೆ ಉಳಿದಿದೆ. ಕೇಳಲು ನನಗೆ ಧೈರ್ಯವಿಲ್ಲ, ನೀವಾದರೂ ಕೇಳ್ತೀರಾ: ನಮ್ಮಪ್ಪ ಯಾವ ಕ್ಲಬ್ಬಿನಲ್ಲಿ ಟೆನಿಸ್ ಆಡ್ತಿದ್ದರು?