ಒಮುರ್ಕುಲ್ ಆರಿಸಿದ ತೋಟಾ

ಬೆಟ್ಟದ ಆ ಊರಿನಲ್ಲಿ ಕೋವಿ ಬೇಕಾದವರೆಲ್ಲ ಮುದುಕ ಒಮುರ್ಕುಲ್‌ನ ಬಾಗಿಲಿಗೇ ಬರುತ್ತಿದ್ದರು. ಬಂದವರನ್ನು ಅವನು ಕೇಳುತ್ತಿದ್ದುದು ಒಂದೇ ಮಾತು: "ಯಾವುದನ್ನ ಹೊಡೀಬೇಕು?"

ಮೊಲಕ್ಕೋ ಬಿಲದ ಬಾಯಲ್ಲಿ ನೆಟ್ಟಗೆ ಕೂರುವ, ದಪ್ಪ ಅಳಿಲಿನಂಥ ಮಾರ್ಮೊಟ್‌ಗೋ ಆದರೆ ಬೆರಳ ತುದಿಯಷ್ಟು ತೋಟಾದ ಸಣ್ಣ ರೈಫಲ್. ಬಂಡೆ ಮೇಲಿನ ಕಾಡುಮೇಕೆಗೂ ತೋಳಕ್ಕೂ ಅವನಪ್ಪ ಯುದ್ಧದ ಕಾಲದಿಂದ ಉಳಿಸಿಕೊಂಡಿದ್ದ ಉದ್ದ ತೋಟಾದ ರೈಫಲ್. ಅದರ ಒದೆತಕ್ಕೆ ಒಮುರ್ಕುಲ್‌ನ ಬಲಭುಜ ಜಡ್ಡುಗಟ್ಟಿತ್ತು. ಜೊಂಡಿನಿಂದ ನುಗ್ಗುವ ಹಂದಿಗೆ ಜೋಡುನಳಿಗೆ ಕೋವಿ, ಒಳಗೆ ಒಂಟಿ ದಪ್ಪ ಗುಂಡು.

ಒಮ್ಮೆ ಪಕ್ಕದ ಬೀದಿಯ ಹುಡುಗನೊಬ್ಬ ಕಾಡುಮೇಕೆಗೆ ಸಣ್ಣ ರೈಫಲ್ ಸಾಕೆಂದ, ಹೊರೋಕೆ ಹಗುರ ಎಂದು.

"ಸಾಕಾ? ಅದು ಹೊಟ್ಟೇಲಿ ಗುಂಡಿಟ್ಕೊಂಡು ಬೆಟ್ಟದಾಚೆ ಹೋಗಿ ನರಳಿ ನರಳಿ ಸಾಯುತ್ತೆ. ನಿನ್ನ ಹೊಟ್ಟೆಗೊಂದು ಮೊಳೆ ಹೊಡೆದು ಓಡಿಸ್ತೀನಿ, ಹಗುರ ಆಗುತ್ತಾ ನೋಡು!"

ಒಳಗೆ ರೊಟ್ಟಿ ತಟ್ಟುತ್ತಿದ್ದ ಸೊಸೆ ಜೂರಕನ್ ತುಟಿ ಕಚ್ಚಿ ನಗು ತಡೆದಿದ್ದಳು. ತೋಟಾ ಒರೆಸಿಡುವುದನ್ನೂ ಬೇಟೆ ಸುಲಿಯುವುದನ್ನೂ ಅವಳು ಮಾವನಿಂದಲೇ ಕಲಿತವಳು. ಮೊದಲು ಕಲಿಸಿದ್ದು ಇದನ್ನು: "ಮನುಷ್ಯನನ್ನ ಕಂಡೂ ಸಿಳ್ಳೆ ಹಾಕ್ದೆ ಕೂತಿರೋ ಮಾರ್ಮೊಟ್‌ನ ಮುಟ್ಟಬಾರ್ದು ಮಗಳೇ. ಅದಕ್ಕೆ ಪ್ಲೇಗು ಬಡಿದಿರುತ್ತೆ."

ಆ ಬೇಸಿಗೆಯ ಕೊನೆಗೆ ಅವಳ ಮಗು ಉಲ್ಜಾನ್‌ಗೆ ಕೆಮ್ಮು ಹಿಡಿಯಿತು. ಕೆಮ್ಮಿ ಕೆಮ್ಮಿ ತುಟಿ ನೀಲಿಯಾಗುತ್ತಿತ್ತು. ಗಂಡ ಸಮತ್ ಕುರಿಗಳ ಜೊತೆ ಮೇಲಿನ ಹುಲ್ಲುಗಾವಲಿನಲ್ಲಿದ್ದ. ಎದೆಗೆ ಮಾರ್ಮೊಟ್ ಕೊಬ್ಬು ತಿಕ್ಕಿ, ಬಿಸಿಹಾಲಲ್ಲಿ ಒಂದು ಚಮಚ ಕಲಸಿ ಕುಡಿಸಿದರೆ ಹೋಗುತ್ತದೆ ಎಂದು ಎಲ್ಲರೂ ಹೇಳಿದರು. ಆದರೆ ಸಣ್ಣ ತೋಟಾ ಒಂದೂ ಉಳಿದಿರಲಿಲ್ಲ.

"ಉದ್ದದ್ದರಲ್ಲೇ ಹೊಡೀತೀನಿ," ಎಂದ ಮುದುಕ.

"ಮಾವ, ಅದರಲ್ಲಿ ಹೊಡೆದ್ರೆ ಕೊಬ್ಬು ಉಳಿಯುತ್ತಾ?"

"ತಲೆಗೆ ಹೊಡೆದ್ರೆ ಮೈ ಉಳಿಯುತ್ತೆ. ಹತ್ರ ಹೋಗ್ಬೇಕು, ಅಷ್ಟೆ."

ಅವನ ಕಣ್ಣಿಗೆ ಪೊರೆ ಬಂದಿದ್ದು ಇಬ್ಬರಿಗೂ ಗೊತ್ತಿತ್ತು. ಆದರೂ ಅವನು ರೈಫಲ್ ಹೆಗಲಿಗೇರಿಸಿ ಹೊರಟ.

ಮಧ್ಯಾಹ್ನ ಮರಳಿದಾಗ ಅವನ ಮುಖ ಅರಳಿತ್ತು. ಕೊಬ್ಬಿದ ಪ್ರಾಣಿ, ತಲೆ ಮಾತ್ರ ಚೂರು. ಒಂದು ತೊಡೆ ಇರಲಿಲ್ಲ. ದಾರಿಯಲ್ಲಿ ನೆರೆಮನೆಯ ಬಾತ್ಮಾ ಎದುರಾಗಿ ಪಾಲು ಕೇಳಿದ್ದಳು, ಬೇಟೆಯಿಂದ ಬರುವವನು ಇಲ್ಲವೆನ್ನುವಂತಿಲ್ಲ. ಅವನ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು.

"ದವಡೆ ಮೂಳೆ ಚುಚ್ಚಿತು. ದೊಡ್ಡ ಗುಂಡು ನೋಡು, ಪುಡಿ ಪುಡಿ ಮಾಡಿತ್ತು."

ಜೂರಕನ್ ಕತ್ತಿ ಹಿಡಿದು ಬಗ್ಗಿದಳು. ಮುಂಗಾಲಿನ ಸಂದಿಯಲ್ಲಿ ನೆಲ್ಲಿಕಾಯಿಯಷ್ಟು ಗಂಟು. ಇನ್ನೊಂದು ಕಡೆಯೂ. ಕತ್ತಿಯನ್ನು ತಾಗಿಸದೆ ಕೆಳಗಿಟ್ಟಳು.

"ಮಾವ, ಎಷ್ಟು ಹತ್ರ ಹೋದ್ರಿ?"

"ಅಂಗಳದಷ್ಟು."

"ಸಿಳ್ಳೆ ಹಾಕಿತಾ?"

ಮುದುಕ ಹೆಬ್ಬೆರಳನ್ನೇ ನೋಡುತ್ತ ನಿಂತ. "ಮಗು ಕೆಮ್ಮೋದೇ ಕಿವೀಲಿತ್ತಮ್ಮಾ," ಎಂದ.

ಅವಳು ಓಡಿದಳು. ಬಾತ್ಮಾಳ ಒಲೆಯ ಮೇಲೆ ಕಡಾಯಿ ಕುದಿಯುತ್ತಿತ್ತು. ಜೂರಕನ್ ಅದನ್ನು ಒದ್ದು ಉರುಳಿಸಿದಳು.

"ಏ ಹುಚ್ಚಿ! ಕೊಟ್ಟ ಪಾಲು ಕಿತ್ಕೊಳ್ಳೋಕೆ ಬಂದ್ಯಾ?"

"ಅಕ್ಕಾ, ಗಂಟಿದೆ ಅದಕ್ಕೆ, ಪ್ಲೇಗು. ಕೈಯನ್ನ ಸೋಪು ಹಾಕಿ ತಿಕ್ಕು. ಆಸ್ಪತ್ರೆಗೆ ಹೇಳಿಕಳಿಸ್ತೀನಿ."

ಬಾತ್ಮಾಳ ದನಿ ತಗ್ಗಿತು. "ಹೇಳಬೇಡ ಕಣೇ. ದಾರಿ ಮುಚ್ತಾರೆ. ಕುರಿ ಸಂತೆಗೆ ಹೋಗೋ ಹೊತ್ತು. ಊರೆಲ್ಲ ನಿನಗೆ ಶಾಪ ಹಾಕುತ್ತೆ."

ಮನೆಯಲ್ಲಿ ಮುದುಕ ಆಗಲೇ ಪ್ರಾಣಿಯನ್ನು ಸೀಮೆಎಣ್ಣೆ ಸುರಿದು ಸುಟ್ಟು, ಹಿತ್ತಲಿನ ಕೊಟ್ಟಿಗೆ ಸೇರಿ ಒಳಗಿಂದ ಅಗುಳಿ ಹಾಕಿಕೊಂಡಿದ್ದ. "ಮಗೂನ ಈ ಕಡೆ ಬಿಡಬೇಡ," ಎಂದು ಕೂಗಿದ. ಜೂರಕನ್ ಬಾತ್ಮಾಳ ಮಾತನ್ನು ಹೊರಗಿಂದಲೇ ಹೇಳಿದಾಗ ಅವನೆಂದ: "ಬಾತ್ಮಾ ಹೇಳಿದ್ದು ಸರಿ. ಜ್ವರ ಬಂದ್ರೆ ನಾನೇ ಹೇಳ್ತೀನಿ, ಆಗ ಕರೆಸು."

ಅವಳು ಒಪ್ಪಿದಳು. ಊರಿನ ಕುರಿ ನೆನೆದು ಒಪ್ಪಿದಳೋ, ಮಾವನ ಮಾತು ಮೀರಿ ಅಭ್ಯಾಸವಿಲ್ಲದೆಯೋ, ಅವಳಿಗೇ ಗೊತ್ತಾಗಲಿಲ್ಲ. ಕೊಟ್ಟಿಗೆಯ ಹೊಸ್ತಿಲಲ್ಲಿ ರೊಟ್ಟಿ, ಅಲ್ಲಿನ ರೂಢಿಯಂತೆ ಉಪ್ಪು ಹಾಕಿದ ಚಹಾ ಇಟ್ಟು ದೂರ ನಿಂತು ಕೇಳುವಳು.

"ಹೇಗಿದೀರಿ ಮಾವ?"

"ಕುದುರೆ ಹಾಗಿದೀನಿ. ಚಹಾಕ್ಕೆ ಉಪ್ಪು ಕಮ್ಮಿ."

ನಾಲ್ಕನೆಯ ದಿನ ಸಂಜೆ ದನಿ ಸಣ್ಣಗಾಗಿತ್ತು. "ನಿದ್ದೆ ಬರ್ತಿದೆ, ಅಷ್ಟೆ. ಮಗು?"

"ಕೆಮ್ಮುತ್ತಿದೆ."

ಅದರ ಮರುದಿನ ಬೆಳಿಗ್ಗೆ ರೊಟ್ಟಿ ಇಟ್ಟಲ್ಲೇ ಒಣಗಿತ್ತು. ಅವಳು ಕೂಗಿದಳು, ಬಾಗಿಲು ಬಡಿಯಲು ಕೈ ಎತ್ತಿ, ಮಗುವನ್ನು ನೆನೆದು ಇಳಿಸಿದಳು. ಯಾರನ್ನೂ ಕೇಳದೆ ಆಸ್ಪತ್ರೆಗೆ ಫೋನ್ ಮಾಡಿದಳು.

ಮುಖಕ್ಕೆ ಬಟ್ಟೆ ಕಟ್ಟಿದವರು ಬಂದು ಬಾಗಿಲು ಒಡೆದರು. ಮುದುಕನ ಕಂಕುಳಲ್ಲಿ ಗಂಟು, ಮೈ ಕೆಂಡ. ವಾಹನ ಸೇತುವೆ ದಾಟುವಷ್ಟರಲ್ಲಿ ಉಸಿರು ನಿಂತಿತು. ಹೆಣ ತೊಳೆಯಲು ಊರವರನ್ನು ಬಿಡಲಿಲ್ಲ. ಆಳವಾದ ಗುಂಡಿಗೆ ಸುಣ್ಣ ಸುರಿದು ಅವರೇ ಮುಚ್ಚಿದರು. ಹೆಂಗಸರು ಹೆಣವಿಲ್ಲದ ಮನೆಯಲ್ಲಿ ವಾಡಿಕೆಯಂತೆ ಗೋಡೆಗೆ ಮುಖ ಮಾಡಿ ಹಾಡಿ ಅತ್ತರು. ಬಾತ್ಮಾ ಸಿಟ್ಟಿನಿಂದ ಬರಲಿಲ್ಲ, ಸಂತೆಯ ದಾರಿ ಮುಚ್ಚಿ ಅವಳ ಕುರಿಗಳು ಮಾರಾಟವಾಗದೆ ಉಳಿದಿದ್ದವು.

ಊರಿನವರಿಗೆಲ್ಲ ಮಾತ್ರೆ ಹಂಚಿದರು. ಮತ್ತಾರಿಗೂ ರೋಗ ತಗಲಲಿಲ್ಲ. ಮಾತ್ರೆ ಕೊಡಲು ಬಂದ ದಾದಿ ಉಲ್ಜಾನ್‌ಳ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, ಚೀಲದಿಂದ ಕೆಮ್ಮಿನ ಔಷಧಿಯ ಸೀಸೆಯೊಂದನ್ನು ತೆಗೆದಳು.

"ಎದೆಯಲ್ಲಿ ಕಫ, ಅಷ್ಟೆ. ಊಟ ಆದ್ಮೇಲೆ ಒಂದೊಂದು ಚಮಚ ಕೊಡಮ್ಮ. ಮುಂಚೇನೇ ಕರ್ಕೊಂಡು ಬರ್ಬಾರ್ದಿತ್ತಾ?"

ಜೂರಕನ್ ಸೀಸೆ ತೆಗೆದುಕೊಂಡು ಚಮಚ ತೊಳೆಯಲು ಹೋದಳು.